‘ಸೊಂಟ ತಿರುಚಬೇಡಿ’ ಎಂಬ ಫಲಕ ಸಾಲದು: ಕೆಲಸದ ಜಾಗ ರೂಪಿಸುವವರಿಗೊಂದು ಬಹಿರಂಗ ಪತ್ರ

ಇವರಿಗೆ:
ಕೆಲಸದ ಸುರಕ್ಷತೆಯ ನಿಯಮ ಬರೆಯುವವರು, ಕಾರ್ಖಾನೆ, ಗೋದಾಮು, ಆಸ್ಪತ್ರೆಗಳ ಆಡಳಿತ ನೋಡಿಕೊಳ್ಳುವವರು, ವ್ಯಾಯಾಮ ಹೇಳಿಕೊಡುವವರು

ಮಾನ್ಯರೆ,

ಭಾರ ಎತ್ತುವ ಕೆಲಸ ಇರುವ ಕಡೆ ಗೋಡೆಯ ಮೇಲೆ ಸಾಮಾನ್ಯವಾಗಿ ಒಂದು ಫಲಕ ಇರುತ್ತದೆ: ‘ಮಂಡಿ ಬಗ್ಗಿಸಿ ಎತ್ತಿ, ಸೊಂಟ ತಿರುಚಬೇಡಿ’. ಆ ಫಲಕದ ಕೆಳಗೇ ಎಡಕ್ಕೆ ನೆಲದ ಮೇಲೆ ಪೆಟ್ಟಿಗೆಗಳ ರಾಶಿ, ಬಲಕ್ಕೆ ಕೈಗೆಟಕುವಷ್ಟು ಹತ್ತಿರದಲ್ಲಿ ಓಡುವ ಬೆಲ್ಟ್, ನಡುವೆ ಎರಡು ಪಾದ ಊರುವಷ್ಟೇ ಜಾಗ. ಅಲ್ಲಿ ನಿಂತವರು ಸೊಂಟ ತಿರುಚದೆ ಪಾಳಿ ಮುಗಿಸಲು ಆಗುವುದೇ ಇಲ್ಲ. ತಿರುಚಬೇಕಾದ ಕೆಲಸವನ್ನು ಕೊಟ್ಟು, ತಿರುಚಬೇಡಿ ಎಂದು ಬರೆದು ಹಾಕಿ, ಆಮೇಲೆ ಬೆನ್ನು ಹಿಡಿದುಕೊಂಡವರಿಗೆ ‘ಸರಿಯಾಗಿ ಎತ್ತಲಿಲ್ಲ’ ಎನ್ನುವುದು ನ್ಯಾಯವಲ್ಲ. ತಿರುಚನ್ನು ಡಿಗ್ರಿಯಲ್ಲಿ ಅಳೆಯಿರಿ, ಜಾಗದ ನಕ್ಷೆಯಲ್ಲೇ ಕಡಿಮೆ ಮಾಡಿರಿ ಎಂದು ಕೇಳಿಕೊಳ್ಳಲು ಈ ಪತ್ರ.

ಮೊದಲೇ ಒಂದು ಮಾತು. ತಿರುಗುವುದೇ ಡಿಸ್ಕಿಗೆ, ಅಂದರೆ ಬೆನ್ನಿನ ಎರಡು ಮೂಳೆಗಳ ನಡುವಿನ ಮೆತ್ತೆಗೆ, ಕೆಡುಕು ಎಂದು ನಾವು ಹೇಳುತ್ತಿಲ್ಲ. ನೆಟ್ಟಗೆ ನಿಂತು, ಕೈಯಲ್ಲಿ ಭಾರವಿಲ್ಲದೆ ಆಚೀಚೆ ತಿರುಗಿದರೆ ಆರೋಗ್ಯವಂತ ಡಿಸ್ಕಿಗೆ ಏನೂ ಆಗದು. ಬಾಗುವುದು, ಭಾರ, ತಿರುಚು ಈ ಮೂರೂ ಒಟ್ಟಿಗೆ ಸೇರಿ ದಿನಕ್ಕೆ ನೂರಾರು ಸಲ ನಡೆದಾಗ ಡಿಸ್ಕ್ ಹಾಳಾಗುತ್ತದೆ. ಏಕೆ ಹೀಗೆ ಎಂಬುದು ಗೊತ್ತಿದ್ದರೆ ಯಾವುದನ್ನು ಮೊದಲು ಸರಿಪಡಿಸಬೇಕು ಎಂಬುದೂ ತಿಳಿಯುತ್ತದೆ. ಹಾಗಾಗಿ ಡಿಸ್ಕಿನಿಂದಲೇ ಶುರುಮಾಡುತ್ತೇವೆ.

ಕುತ್ತಿಗೆಯಿಂದ ಸೊಂಟದ ಬುಡದವರೆಗೆ ನಮ್ಮ ಬೆನ್ನುಮೂಳೆಯಲ್ಲಿ 23 ಡಿಸ್ಕ್‌ಗಳಿವೆ. ಸೊಂಟದ ಭಾಗದ ಡಿಸ್ಕ್ ಸುಮಾರು 1 ಸೆಂ.ಮೀ. ದಪ್ಪ, 4ರಿಂದ 5 ಸೆಂ.ಮೀ. ಅಗಲ. ನಡುವೆ ನೀರು ತುಂಬಿದ, ಲೋಳೆಯಂಥ ತಿರುಳು. ಎಳೆಯ ವಯಸ್ಸಿನಲ್ಲಿ ಅದರ 80 ಶೇಕಡಾಕ್ಕಿಂತ ಹೆಚ್ಚು ಪಾಲು ನೀರೇ. ಅದರ ಸುತ್ತ 15ರಿಂದ 25 ಪದರಗಳ ನಾರಿನ ಉಂಗುರ. ಮೇಲೆ ಕೆಳಗೆ ಒಂದು ಮಿಲಿಮೀಟರಿಗಿಂತ ಹೆಚ್ಚಿಲ್ಲದ ಮೃದ್ವಸ್ಥಿಯ ಪದರ. ಈ ಉಂಗುರದ ಒಂದೊಂದು ಪದರದಲ್ಲೂ ಕೊಲಾಜನ್ ಎಂಬ ಪ್ರೋಟೀನಿನ ನಾರುಗಳು ಒಂದಕ್ಕೊಂದು ಸಮಾನಾಂತರವಾಗಿ, ಅಡ್ಡಗೆರೆಗೆ ಸುಮಾರು 30 ಡಿಗ್ರಿ ಓರೆಯಾಗಿ ಓಡುತ್ತವೆ. ಒಂದು ಪದರದ ನಾರು ಬಲಕ್ಕೆ ಓರೆಯಾದರೆ ಪಕ್ಕದ ಪದರದ್ದು ಎಡಕ್ಕೆ ಓರೆ. ಹೀಗೆ ಒಂದು ಬಿಟ್ಟು ಒಂದರಂತೆ ದಿಕ್ಕು ಬದಲಾಗುತ್ತ ಹೋಗುತ್ತದೆ.

ತಿರುಚಿನ ಸಮಸ್ಯೆ ಇರುವುದು ಈ ಜೋಡಣೆಯಲ್ಲೇ. ನೇರವಾಗಿ ಮೇಲಿನಿಂದ ಭಾರ ಬಿದ್ದಾಗ ತಿರುಳಿನ ಒತ್ತಡ ಎಲ್ಲ ದಿಕ್ಕಿಗೂ ಹರಡಿ, ಎಲ್ಲ ಪದರಗಳೂ ಸೇರಿ ಅದನ್ನು ತಡೆಯುತ್ತವೆ. ಮೈಯನ್ನು ಒಂದು ಕಡೆಗೆ ತಿರುಚಿದಾಗ ಹಾಗಲ್ಲ: ಆ ದಿಕ್ಕಿಗೆ ಓರೆಯಾಗಿರುವ ನಾರುಗಳು ಬಿಗಿಯುತ್ತವೆ, ಎದುರು ದಿಕ್ಕಿನವು ಸಡಿಲಗೊಳ್ಳುತ್ತವೆ. ಅಂದರೆ ಪದರಗಳಲ್ಲಿ ಅರ್ಧದಷ್ಟು ಮಾತ್ರ ಕೆಲಸಕ್ಕೆ ಬರುತ್ತವೆ. ಬಿಗಿದ ಪದರವೂ ಸಡಿಲಗೊಂಡ ಪದರವೂ ಅಕ್ಕಪಕ್ಕದಲ್ಲೇ ಇರುವುದರಿಂದ ಎರಡರ ನಡುವಿನ ಅಂಟು ಜಗ್ಗುತ್ತದೆ. ತಿರುಚಿನಿಂದಾಗುವ ಹಾನಿಯಲ್ಲಿ ನಾರು ಪಟ್ಟನೆ ಹರಿಯುವುದಕ್ಕಿಂತ, ಪದರದಿಂದ ಪದರ ಬಿಟ್ಟುಕೊಳ್ಳುವುದು ಮುಖ್ಯ.

ಇದನ್ನು ತಡೆಯಲು ದೇಹದಲ್ಲೇ ಒಂದು ಏರ್ಪಾಡಿದೆ. ಪ್ರತಿ ಡಿಸ್ಕಿನ ಹಿಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು, ಮೇಲಿನ ಮೂಳೆಯನ್ನು ಕೆಳಗಿನದಕ್ಕೆ ಸೇರಿಸುವ ಫ್ಯಾಸೆಟ್ ಎಂಬ ಚಿಕ್ಕ ಕೀಲು ಇರುತ್ತದೆ. ಸೊಂಟದಲ್ಲಿ ಈ ಕೀಲುಗಳ ಮೇಲ್ಮೈ ಹೆಚ್ಚುಕಡಿಮೆ ಹಿಂದಿನಿಂದ ಮುಂದಕ್ಕೆ ಚಾಚಿ ನಿಂತಿರುತ್ತದೆ. ಎಡಕ್ಕೆ ತಿರುಗಿದರೆ ಬಲಗಡೆಯ ಕೀಲು ಎಲುಬಿಗೆ ಎಲುಬು ತಾಗಿ ‘ಇಷ್ಟು ಸಾಕು’ ಎಂದು ನಿಲ್ಲಿಸುತ್ತದೆ. ಹಾಗಾಗಿ ಸೊಂಟದ ಒಂದೊಂದು ಮಟ್ಟದಲ್ಲಿ ಒಂದು ಕಡೆಗೆ ಸಿಗುವ ತಿರುವು ಬರೀ 1ರಿಂದ 3 ಡಿಗ್ರಿ. ಇಡೀ ಸೊಂಟದ ಬೆನ್ನುಮೂಳೆ ಸೇರಿದರೂ ಒಂದು ಕಡೆಗೆ ಹತ್ತು ಡಿಗ್ರಿಯ ಆಸುಪಾಸು. ಎದೆಯ ಭಾಗದ ಬೆನ್ನುಮೂಳೆ ಸುಮಾರು 30 ಡಿಗ್ರಿ ತಿರುಗಬಲ್ಲದು. ಕುತ್ತಿಗೆ ಇನ್ನೂ ಹೆಚ್ಚು; ಅದರಲ್ಲೂ ಅರ್ಧದಷ್ಟು ತಿರುವು ಬರುವುದು ಡಿಸ್ಕೇ ಇಲ್ಲದ ಮೊದಲೆರಡು ಮೂಳೆಗಳ ನಡುವಿನಿಂದ. ಉಳಿದ ತಿರುವನ್ನು ತೊಡೆಸಂದು ಮತ್ತು ಪಾದಗಳು ಕೊಡಬೇಕು. ಪಾದ ನೆಲಕ್ಕೆ ಊರಿಬಿಟ್ಟು 90 ಡಿಗ್ರಿ ಪಕ್ಕದಲ್ಲಿರುವ ವಸ್ತುವಿಗೆ ಕೈ ಚಾಚಿದಾಗ ಸೊಂಟ ತನ್ನ ಪಾಲಿನ ಆ ಹತ್ತು ಡಿಗ್ರಿಯ ಕೊನೆಯವರೆಗೂ ಹೋಗಿಬಿಡುತ್ತದೆ.

ಇನ್ನು ಪ್ರಯೋಗಾಲಯ ಏನು ಹೇಳುತ್ತದೆ ನೋಡೋಣ. 1970ರಲ್ಲಿ ಫಾರ್ಫನ್ ಮತ್ತವರ ಸಂಗಡಿಗರು ಶವದಿಂದ ತೆಗೆದ ಸೊಂಟದ ಕೀಲುಗಳನ್ನು ತಿರುಚಿ ನೋಡಿ, ಡಿಸ್ಕ್ ಸವೆತಕ್ಕೆ ತಿರುಚೇ ದೊಡ್ಡ ಕಾರಣ ಎಂದು ವಾದಿಸಿದರು. 1981ರಲ್ಲಿ ಆಡಮ್ಸ್ ಮತ್ತು ಹಟನ್ ಇದನ್ನು ಒಪ್ಪಲಿಲ್ಲ. ಬರೀ ತಿರುಚಿದರೆ ಮೊದಲು ಪೆಟ್ಟು ತಿನ್ನುವುದು ಫ್ಯಾಸೆಟ್ ಕೀಲು, ಅದು ಗಟ್ಟಿಯಿರುವ ತನಕ ಡಿಸ್ಕಿಗೆ ರಕ್ಷಣೆ ಇದೆ ಎಂದು ಅವರು ತೋರಿಸಿದರು. ಮಾರನೆಯ ವರ್ಷ ಅವರೇ, ಅತಿಯಾಗಿ ಮುಂದಕ್ಕೆ ಬಾಗಿದ ಸ್ಥಿತಿಯಲ್ಲಿ ಭಾರ ಬಿದ್ದರೆ ಡಿಸ್ಕಿನ ತಿರುಳು ಹಿಂದಕ್ಕೆ ಹೊರಬರಬಹುದು ಎಂದೂ ತೋರಿಸಿದರು. ಎರಡನ್ನೂ ಜೋಡಿಸಿ ನೋಡಿದ್ದು 1991ರ ಗಾರ್ಡನ್ ಮತ್ತು ಸಂಗಡಿಗರ ಪ್ರಯೋಗ. 7 ಡಿಗ್ರಿ ಬಾಗಿಸಿ, 3 ಡಿಗ್ರಿಗಿಂತ ಕಡಿಮೆ ತಿರುಚಿ, 1334 ನ್ಯೂಟನ್ (ಸುಮಾರು 136 ಕೆಜಿ ತೂಕದಷ್ಟು) ಒತ್ತಡ ಹಾಕಿ ಅದನ್ನೇ ಸಾವಿರಾರು ಸಲ ಮರುಕಳಿಸಿದಾಗ, ಪರೀಕ್ಷಿಸಿದ 14 ಡಿಸ್ಕ್‌ಗಳೂ ಸೋತವು: ಕೆಲವದರ ಉಂಗುರ ಉಬ್ಬಿತು, ಕೆಲವದರಲ್ಲಿ ತಿರುಳೇ ಹೊರಬಂತು. ಇಲ್ಲಿನ ಒಂದೊಂದು ಸಂಖ್ಯೆಯೂ ದಿನನಿತ್ಯದ ಕೆಲಸದಲ್ಲಿ ಬಂದುಹೋಗುವಷ್ಟೇ ದೊಡ್ಡದು. ಯಾವುದೂ ಅಪಘಾತದ ಮಟ್ಟದ್ದಲ್ಲ. 2010ರಲ್ಲಿ ಮಾರ್ಷಲ್ ಮತ್ತು ಮೆಕ್‌ಗಿಲ್ ಹಂದಿಯ ಕುತ್ತಿಗೆಯ ಡಿಸ್ಕ್‌ಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಬಾಗುವಿಕೆಯ ಜೊತೆಗೆ ತಿರುಚು ಸೇರಿದಾಗ ಉಂಗುರದ ಪದರಗಳು ಬಿಟ್ಟುಕೊಳ್ಳುವುದು ಕಂಡುಬಂತು.

ಬಾಗಿದಾಗ ತಿರುಚು ಏಕೆ ಇಷ್ಟು ಬೇರೆಯಾಗಿ ವರ್ತಿಸುತ್ತದೆ? ಮುಂದಕ್ಕೆ ಬಾಗಿದರೆ ಫ್ಯಾಸೆಟ್ ಕೀಲಿನ ಎರಡು ಮೇಲ್ಮೈಗಳು ಒಂದರಿಂದೊಂದು ಜರುಗಿ, ಅವುಗಳ ತಡೆ ಕಡಿಮೆಯಾಗುತ್ತದೆ. ಇತ್ತ ಉಂಗುರದ ಹಿಂಭಾಗ ಹಿಗ್ಗಿ ತೆಳ್ಳಗಾಗುತ್ತದೆ. ಮೊದಲೇ ಅದು ಮುಂಭಾಗಕ್ಕಿಂತ ತೆಳು. ಭಾರದಿಂದ ತಿರುಳಿನ ಒತ್ತಡ ಏರಿ, ಬಾಗಿದ ಭಂಗಿ ಅದನ್ನು ಹಿಂದಕ್ಕೆ ದೂಡುತ್ತದೆ. ಸರಿಯಾಗಿ ಆ ಹೊತ್ತಿಗೆ ತಿರುಚು ಬಂದು, ಅದೇ ತೆಳು ಭಾಗದ ಅರ್ಧ ಪದರಗಳನ್ನು ಸಡಿಲಿಸಿಬಿಡುತ್ತದೆ. ತಿರುಳು ಬಿಟ್ಟುಕೊಂಡ ಪದರಗಳ ಸಂದಿಯಲ್ಲಿ ನುಸುಳುತ್ತ, ಪ್ರತಿ ಸಲವೂ ಒಂದಿಷ್ಟು ಮುಂದೆ ಸಾಗುತ್ತದೆ. ಕೊನೆಗೆ ಅದು ಮುಟ್ಟುವ ಜಾಗ ಹೆಚ್ಚಾಗಿ ಹಿಂಬದಿಯ ಪಕ್ಕದ ಮೂಲೆ. ಕಾಲಿಗೆ ಇಳಿಯುವ ನರದ ಬೇರು ಹಾದುಹೋಗುವುದೂ ಅಲ್ಲಿಯೇ.

ಇದೆಲ್ಲ ನಡೆಯುವಾಗ ನೋವು ಆಗಲೇಬೇಕೆಂದಿಲ್ಲ ಎನ್ನುವುದು ಆಡಳಿತದವರು ಗಮನಿಸಬೇಕಾದ ಸಂಗತಿ. ಆರೋಗ್ಯವಂತ ಡಿಸ್ಕಿನಲ್ಲಿ ನೋವಿನ ನರಗಳಿರುವುದು ಉಂಗುರದ ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ಒಳಗಿನ ಪದರಗಳು ಬಿಟ್ಟುಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ವಯಸ್ಕರ ಡಿಸ್ಕಿಗೆ ರಕ್ತನಾಳಗಳೂ ಇಲ್ಲದಂತೆಯೇ. ಆಹಾರ ಬರುವುದು ಮೇಲೆ ಕೆಳಗಿನ ಮೃದ್ವಸ್ಥಿಯ ಪದರದಿಂದ ಒಸರಿ. ಆದ್ದರಿಂದ ಗಾಯ ವಾಸಿಯಾಗುವುದು ಬಹಳ ನಿಧಾನ. ತಿಂಗಳುಗಟ್ಟಲೆ ಸಣ್ಣಸಣ್ಣದಾಗಿ ಹಾಳಾಗುತ್ತ ಬಂದದ್ದು ಒಂದು ದಿನ, ಬಿದ್ದ ಪೆನ್ನು ಎತ್ತಿಕೊಳ್ಳಲು ಪಕ್ಕಕ್ಕೆ ಬಾಗಿದಾಗ ಕಾಲಿಗೆ ಮಿಂಚು ಹೊಡೆದಂತೆ ಹೊರಬರುತ್ತದೆ. ವರದಿಯಲ್ಲಿ ಆ ಪೆನ್ನಿನ ಕಥೆ ಮಾತ್ರ ದಾಖಲಾಗುತ್ತದೆ. ‘ಭಾರ ಎತ್ತುವಾಗ ಆಗಿದ್ದಲ್ಲ, ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ’ ಎಂದು ಕಡತ ಮುಚ್ಚುವ ಮುನ್ನ ಆ ವ್ಯಕ್ತಿಯ ಹಿಂದಿನ ತಿಂಗಳುಗಳ ಕೆಲಸ ಎಂಥದ್ದಿತ್ತು ಎಂದು ದಯವಿಟ್ಟು ನೋಡಿ.

ಸ್ನಾಯುಗಳ ಲೆಕ್ಕವೂ ಇದೆ. ಮೈಯನ್ನು ತಿರುಚಲಿಕ್ಕೆಂದೇ ಪ್ರತ್ಯೇಕ ಸ್ನಾಯು ನಮ್ಮಲ್ಲಿಲ್ಲ. ಹೊಟ್ಟೆಯ ಓರೆ ಸ್ನಾಯುಗಳು, ಬೆನ್ನಿನ ಸ್ನಾಯುಗಳು ಎರಡೂ ಕಡೆ ಒಟ್ಟಿಗೆ ಬಿಗಿದು ತಿರುಚಿನ ಬಲ ಹುಟ್ಟಿಸುತ್ತವೆ. ಒಂದನ್ನೊಂದು ಎಳೆಯುವ ಆ ಬಲದ ದೊಡ್ಡ ಪಾಲು ಬೆನ್ನುಮೂಳೆಯನ್ನು ಅದುಮುವುದರಲ್ಲೇ ಕಳೆಯುತ್ತದೆ. ಮೆಕ್‌ಗಿಲ್ ಕೊಡುವ ಅಂದಾಜು ಹೀಗಿದೆ: 50 ನ್ಯೂಟನ್-ಮೀಟರ್ ಬಲವನ್ನು ಹಿಂದುಮುಂದು ಬಾಗುವ ದಿಕ್ಕಿನಲ್ಲಿ ಹುಟ್ಟಿಸಲು ಡಿಸ್ಕಿನ ಮೇಲೆ ಸುಮಾರು 800 ನ್ಯೂಟನ್ ಅದುಮು ಬೀಳುತ್ತದೆ, ಪಕ್ಕಕ್ಕೆ ಬಾಗಲು ಸುಮಾರು 1400, ತಿರುಚಲು ಸುಮಾರು 2500. ಎತ್ತುವ ಕೆಲಸದಲ್ಲಿ ಬೆನ್ನಿನ ಮೇಲಿನ ಅದುಮು 3400 ನ್ಯೂಟನ್ ದಾಟಬಾರದು ಎಂಬ ಮಿತಿಯನ್ನು ನೀವೇ ಕಡತಗಳಲ್ಲಿ ಬರೆದುಕೊಳ್ಳುತ್ತೀರಿ. ತಿರುಚೊಂದೇ ಅದರ ಮುಕ್ಕಾಲು ಪಾಲು ತಿಂದುಹಾಕಬಲ್ಲದು.

ಡಿಸ್ಕಿನೊಳಗೇ ಒತ್ತಡಮಾಪಕ ಇಟ್ಟು ವಿಲ್ಕೆ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಳತೆಗಳು ಭಂಗಿಯ ಮಹತ್ವವನ್ನು ಚೆನ್ನಾಗಿ ತೋರಿಸುತ್ತವೆ. ಅಳೆದದ್ದು ಒಬ್ಬ ಸ್ವಯಂಸೇವಕರಲ್ಲಿ ಮಾತ್ರ. ಸುಮ್ಮನೆ ನಿಂತಾಗ 0.5 ಮೆಗಾಪಾಸ್ಕಲ್. 20 ಕೆಜಿ ತೂಕವನ್ನು ಮೈಗೆ ಹತ್ತಿರ ಹಿಡಿದು ನಿಂತರೆ 1.1. ಅದೇ ತೂಕವನ್ನು ಮಂಡಿ ಬಗ್ಗಿಸಿ ಎತ್ತಿದರೆ 1.7, ಬೆನ್ನು ಬಗ್ಗಿಸಿ ಎತ್ತಿದರೆ 2.3.

ಎರಡು ಸಂದರ್ಭಗಳಲ್ಲಿ ಡಿಸ್ಕ್ ಮಾಮೂಲಿಗಿಂತ ದುರ್ಬಲ. ಒಂದು, ಬೆಳಗ್ಗೆ ಎದ್ದ ಮೊದಲ ಗಂಟೆ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ. ದಿನದಲ್ಲಿ ನಮ್ಮ ಎತ್ತರ ಸುಮಾರು ಒಂದು ಶೇಕಡಾ ಕಡಿಮೆಯಾಗುತ್ತದೆ; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಯುವುದು ಈ ಮೊದಲ ಗಂಟೆಯಲ್ಲೇ. ಉಬ್ಬಿದ ಡಿಸ್ಕ್ ಬಾಗಿದಾಗ ಹೆಚ್ಚು ಬಿಗಿಯುತ್ತದೆ. ನಸುಕಿನ ಪಾಳಿಯವರಿಗೆ ಬಂದ ಕೂಡಲೇ ನೆಲದಿಂದ ಎತ್ತುವ ಕೆಲಸ ಕೊಡಬೇಡಿ. ಮೊದಲು ನಿಂತು ಮಾಡುವ, ಓಡಾಡುವ ಕೆಲಸ ಇರಲಿ. ಇನ್ನೊಂದು, ಬಹಳ ಹೊತ್ತು ಬಾಗಿ ಕೂತು ಅಥವಾ ವಾಹನ ಓಡಿಸಿ ಇಳಿದ ಹೊತ್ತು. ಹಿಗ್ಗಿದ ಸ್ನಾಯುಬಂಧಗಳು ತಮ್ಮ ಬಿಗಿ ಮರಳಿ ಪಡೆಯಲು ಸಮಯ ಬೇಕು. ಕುಳಿತ ದೇಹ ಸೆಕೆಂಡಿಗೆ 4ರಿಂದ 6 ಸಲದ ಕಂಪನಕ್ಕೆ ಅತಿ ಹೆಚ್ಚು ಅಲುಗುತ್ತದೆ, ಬಹಳಷ್ಟು ವಾಹನಗಳ ಸೀಟಿನ ಕಂಪನವೂ ಅದೇ ಆಸುಪಾಸು. ಚಾಲಕರು ಲಾರಿಯಿಂದ ಇಳಿದ ತಕ್ಷಣ ಹಿಂದಿನ ಬಾಗಿಲು ತೆಗೆದು ಸರಕು ಎಳೆಯುವಂತೆ ಕೆಲಸ ಜೋಡಿಸಿರುವುದು ಡಿಸ್ಕಿನ ದೃಷ್ಟಿಯಿಂದ ಕೆಟ್ಟ ಜೋಡಣೆ. ಹತ್ತು ನಿಮಿಷ ಕಾಗದಪತ್ರದ ಕೆಲಸವನ್ನು ನಿಂತು ಮಾಡಿಸಿ, ಆಮೇಲೆ ಸರಕು ಇಳಿಸಲಿ.

ಹಾಗೆಂದು ಡಿಸ್ಕ್ ಸವೆತಕ್ಕೆಲ್ಲ ಕೆಲಸವೇ ಕಾರಣ ಎಂದರೆ ಅದೂ ಸುಳ್ಳಾಗುತ್ತದೆ. ಅವಳಿಗಳ ಮೇಲಿನ ಅಧ್ಯಯನಗಳಲ್ಲಿ ವಂಶವಾಹಿಯ ಪಾಲು ಕೆಲಸದ ಭಾರದ ಪಾಲಿಗಿಂತ ದೊಡ್ಡದೆಂದು ಕಂಡಿದೆ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ವಿಶ್ಲೇಷಣೆಯಲ್ಲಿ 20ರ ವಯಸ್ಸಿನವರಲ್ಲೇ 37 ಶೇಕಡಾ ಮಂದಿಗೆ, 80ರವರಲ್ಲಿ 96 ಶೇಕಡಾ ಮಂದಿಗೆ ಡಿಸ್ಕ್ ಸವೆತ ಇತ್ತು. ಸ್ಕ್ಯಾನಿನಲ್ಲಿ ಸವೆತ ಕಂಡಿತೆಂದು ಒಬ್ಬರನ್ನು ಕೆಲಸದಿಂದ ತೆಗೆಯುವುದಕ್ಕಾಗಲಿ, ಸೇರಿಸಿಕೊಳ್ಳದಿರುವುದಕ್ಕಾಗಲಿ ಆಧಾರವಿಲ್ಲ. ಆದರೆ ವಂಶವಾಹಿಯನ್ನು ನೀವು ಬದಲಿಸಲಾರಿರಿ, ಪೆಟ್ಟಿಗೆ ಇಡುವ ಜಾಗವನ್ನು ಬದಲಿಸಬಲ್ಲಿರಿ. 1984ರಲ್ಲಿ ಕೆಲ್ಸಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ 11.3 ಕೆಜಿಗಿಂತ ಭಾರವಾದುದನ್ನು ದಿನಕ್ಕೆ 25ಕ್ಕಿಂತ ಹೆಚ್ಚು ಸಲ ಎತ್ತುವವರಲ್ಲಿ ಸೊಂಟದ ಡಿಸ್ಕ್ ಹೊರಬರುವ ಅಪಾಯ ಮೂರು ಪಟ್ಟಿಗೂ ಮಿಗಿಲಾಗಿತ್ತು. ಮಂಡಿ ಬಗ್ಗಿಸದೆ, ಮೈ ತಿರುಚಿ ಎತ್ತುವವರಲ್ಲಿ ಅದು ಇನ್ನೂ ಹೆಚ್ಚು. 1993ರಲ್ಲಿ ಮಾರಾಸ್ ಮತ್ತು ಸಂಗಡಿಗರು ನಾನ್ನೂರಕ್ಕೂ ಹೆಚ್ಚು ಕೆಲಸಗಳನ್ನು ಅಳೆದು ಹೇಳಿದ ಐದು ಅಪಾಯದ ಅಂಶಗಳಲ್ಲಿ ಮೈ ತಿರುಚುವ ವೇಗವೂ ಒಂದು. ಕೋನದ ಜೊತೆಗೆ ವೇಗವನ್ನೂ ನೋಡಬೇಕು ಎನ್ನುವುದಕ್ಕೆ ಇದೇ ಕಾರಣ. ಬೆಲ್ಟಿನ ವೇಗ ಏರಿಸಿದಾಗ ನೀವು ಏರಿಸಿದ್ದು ಉತ್ಪಾದನೆಯನ್ನು ಮಾತ್ರವಲ್ಲ.

ಈಗ ಅಳತೆಗೆ ಬರೋಣ. ಕೆಲಸದ ಸುರಕ್ಷತೆ ಮತ್ತು ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಷ್ (NIOSH) ಸಂಸ್ಥೆಯ ಪರಿಷ್ಕೃತ ಎತ್ತುವಿಕೆ ಸೂತ್ರ 1990ರ ದಶಕದ ಮೊದಲ ಭಾಗದಿಂದ ಎಲ್ಲರಿಗೂ ಲಭ್ಯವಿದೆ. ಅದು 23 ಕೆಜಿಯಿಂದ ಶುರುವಾಗುತ್ತದೆ. ಪ್ರತಿಯೊಂದು ಪ್ರತಿಕೂಲಕ್ಕೂ ಒಂದಕ್ಕಿಂತ ಕಡಿಮೆಯ ಒಂದು ಗುಣಕದಿಂದ ಗುಣಿಸುತ್ತ ಹೋಗಬೇಕು. ತಿರುಚಿನ ಗುಣಕ: 1ರಿಂದ, ಕೋನವನ್ನು 0.0032ರಿಂದ ಗುಣಿಸಿ ಕಳೆಯಿರಿ. 45 ಡಿಗ್ರಿಗೆ 0.86, 90 ಡಿಗ್ರಿಗೆ 0.71. 135 ಡಿಗ್ರಿ ದಾಟಿದರೆ ಶೂನ್ಯ, ಎತ್ತಲೇಬಾರದು. ಕೋನ ಎಂದರೆ ಭುಜ ಎಷ್ಟು ತಿರುಗಿತು ಎಂಬುದಲ್ಲ. ಕೆಲಸ ಮಾಡುವವರು ನೆಟ್ಟಗೆ ಮುಂದೆ ನೋಡಿ ನಿಂತಾಗ, ಎರಡು ಕಣಕಾಲುಗಳ ನಡುಬಿಂದುವಿನಿಂದ ವಸ್ತುವಿನ ಹಿಡಿತದ ನಡುಬಿಂದುವಿಗೆ ನೆಲದ ಮೇಲೆ ಎಳೆದ ಗೆರೆ ಮುಂದಿನ ಗೆರೆಯಿಂದ ಎಷ್ಟು ಪಕ್ಕಕ್ಕಿದೆ ಎಂಬುದು. ಸೀಮೆಸುಣ್ಣ, ಟೇಪು, ಕೋನಮಾಪಕ ಇದ್ದರೆ ಸಾಕು. ಎತ್ತುವ ಜಾಗದಲ್ಲೂ, ನಿಧಾನಿಸಿ ಇಡಬೇಕಾದ ಕೆಲಸವಾದರೆ ಇಡುವ ಜಾಗದಲ್ಲೂ ಅಳೆಯಬೇಕು.

ಒಂದು ಲೆಕ್ಕ ಮಾಡಿ ತೋರಿಸುತ್ತೇವೆ. 12 ಕೆಜಿ ಪೆಟ್ಟಿಗೆ, ಹಿಡಿತ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ, ಕಣಕಾಲಿನಿಂದ 40 ಸೆಂ.ಮೀ. ದೂರದಲ್ಲಿ, 60 ಡಿಗ್ರಿ ಪಕ್ಕದಲ್ಲಿದೆ. 90 ಸೆಂ.ಮೀ. ಎತ್ತರದ ಬೆಲ್ಟಿಗೆ ನಿಮಿಷಕ್ಕೆ 4ರಂತೆ, ಎಂಟು ಗಂಟೆಯ ಪಾಳಿ, ಹಿಡಿತ ಮಧ್ಯಮ. ಗುಣಕಗಳು: ದೂರಕ್ಕೆ 0.625, ಎತ್ತರಕ್ಕೆ 0.865, ಎತ್ತುವ ಅಂತರಕ್ಕೆ 0.895, ತಿರುಚಿಗೆ 0.808, ಆವರ್ತನಕ್ಕೆ 0.45, ಹಿಡಿತಕ್ಕೆ 0.95. ಎಲ್ಲ ಗುಣಿಸಿದರೆ ಸೂಕ್ತ ಮಿತಿ 3.8 ಕೆಜಿ. 12ನ್ನು ಅದರಿಂದ ಭಾಗಿಸಿದರೆ ಎತ್ತುವಿಕೆ ಸೂಚ್ಯಂಕ 3.1. ಸೂಚ್ಯಂಕ 1 ದಾಟಿದರೆ ಕೆಲವರಿಗೆ, 3 ದಾಟಿದರೆ ಹೆಚ್ಚುಕಡಿಮೆ ಎಲ್ಲರಿಗೂ ಅಪಾಯ ಹೆಚ್ಚು ಎಂದು ಓದಿಕೊಳ್ಳಬೇಕು.

ಇದರಲ್ಲಿ ತಿರುಚನ್ನಷ್ಟೇ ಸೊನ್ನೆ ಮಾಡಿದರೆ ಸೂಚ್ಯಂಕ 2.5ಕ್ಕೆ ಇಳಿಯುತ್ತದೆ. ಸಾಲದು. ಪ್ಯಾಲೆಟ್ಟನ್ನು (ಪೆಟ್ಟಿಗೆಗಳನ್ನು ಜೋಡಿಸುವ ಹಲಗೆಯನ್ನು) ಎತ್ತರ ಬದಲಿಸಬಹುದಾದ ಮೇಜಿನ ಮೇಲಿಟ್ಟು ಹಿಡಿತವನ್ನು 75 ಸೆಂ.ಮೀ.ಗೆ ತಂದು, ಪೆಟ್ಟಿಗೆಯನ್ನು ಕಣಕಾಲಿನಿಂದ 30 ಸೆಂ.ಮೀ. ದೂರಕ್ಕೆ ಬರುವಂತೆ ಹತ್ತಿರ ಎಳೆದರೆ 1.4. ಅದರ ಮೇಲೆ ಇಬ್ಬರು ಹಂಚಿಕೊಂಡು ಒಬ್ಬೊಬ್ಬರಿಗೆ ನಿಮಿಷಕ್ಕೆ 2ರಂತೆ ಮಾಡಿದರೆ 0.96. ಪೆಟ್ಟಿಗೆಯ ತೂಕ ಒಂದು ಗ್ರಾಮೂ ಕಡಿಮೆಯಾಗಿಲ್ಲ ಎಂಬುದನ್ನು ನೋಡಿ. ಸೂತ್ರದ ಒಂದು ಕೊರತೆಯನ್ನೂ ಹೇಳಬೇಕು: ಅದು ಬಾಗುವುದನ್ನೂ ತಿರುಚನ್ನೂ ಬೇರೆಬೇರೆ ಗುಣಕಗಳೆಂದು ಎಣಿಸುತ್ತದೆ, ಎರಡೂ ಸೇರಿದಾಗ ಡಿಸ್ಕಿಗಾಗುವ ಹೆಚ್ಚುವರಿ ಹಾನಿಗೆ ಅದರಲ್ಲಿ ಜಾಗವಿಲ್ಲ. ಆದ್ದರಿಂದ ಮಂಡಿಯ ಮಟ್ಟಕ್ಕಿಂತ ಕೆಳಗಿನಿಂದ ಎತ್ತುವಲ್ಲಿ 30 ಡಿಗ್ರಿಗಿಂತ ಹೆಚ್ಚು ತಿರುಚು ಇದ್ದರೆ, ಸೂಚ್ಯಂಕ ಎಷ್ಟೇ ಬರಲಿ, ಮೊದಲು ಅದನ್ನು ಸರಿಪಡಿಸಿ ಎನ್ನುವುದು ನಮ್ಮ ಸಲಹೆ. ಒಂದೇ ಕೈಯಲ್ಲಿ ಎತ್ತುವುದು, ಕುಳಿತು ಅಥವಾ ಮಂಡಿಯೂರಿ ಎತ್ತುವುದು, ಸಲಿಕೆಯ ಕೆಲಸ, ರೋಗಿಗಳನ್ನು ಎತ್ತುವುದು ಇವಕ್ಕೆ ಈ ಸೂತ್ರ ಅನ್ವಯಿಸುವುದಿಲ್ಲ.

ಜಾಗ ಜೋಡಿಸುವಾಗ ಎಲ್ಲರೂ ಮಾಡುವ ಒಂದು ತಪ್ಪಿದೆ: ನಡಿಗೆ ಉಳಿಸಲೆಂದು ಎತ್ತುವ ಜಾಗವನ್ನೂ ಇಡುವ ಜಾಗವನ್ನೂ ಹತ್ತಿರಹತ್ತಿರ, ಆದರೆ ಪಕ್ಕಕ್ಕೆ ಇಡುತ್ತಾರೆ. ಕೈಗೆ ಎಟಕುವಷ್ಟು ಹತ್ತಿರವಿದ್ದರೆ ಯಾರೂ ಪಾದ ಎತ್ತುವುದಿಲ್ಲ, ಸೊಂಟ ತಿರುಚುತ್ತಾರೆ. ಒಂದೋ ಎರಡನ್ನೂ ಎದುರಿಗೇ, ಒಂದೇ ಗೆರೆಯಲ್ಲಿ ತನ್ನಿ. ಇಲ್ಲವೇ ಒಂದೆರಡು ಹೆಜ್ಜೆ ಇಡಲೇಬೇಕಾಗುವಷ್ಟು ದೂರ ಮಾಡಿ. ದೂರ ಹೆಚ್ಚಿಸುವುದು ಮೇಸ್ತ್ರಿಗಳಿಗೆ ಸಮಯದ ನಷ್ಟದಂತೆ ಕಾಣುತ್ತದೆ, ಆದರೆ ನಿಯೋಷ್ ಕೈಪಿಡಿಯೇ ಇದನ್ನು ಶಿಫಾರಸು ಮಾಡುತ್ತದೆ. ಪಾದದ ಕೆಳಗೆ ಹಗ್ಗ, ಪ್ಲಾಸ್ಟಿಕ್ ಪಟ್ಟಿ, ಮುರಿದ ಹಲಗೆ ಬಿದ್ದಿದ್ದರೆ ದೂರ ಮಾಡಿಯೂ ಪ್ರಯೋಜನವಿಲ್ಲ. ನೆಲ ಅಂಟುವಂತಿದ್ದರೂ ಅಷ್ಟೇ: ಪಾದ ತಿರುಗದೆ ಮಂಡಿ ಮತ್ತು ಸೊಂಟ ತಿರುಗುತ್ತವೆ. ಪ್ಯಾಲೆಟ್ಟಿನ ಆಚೆ ಬದಿಯ ಪೆಟ್ಟಿಗೆಗಳಿಗೆ ಬಾಗಿ ಚಾಚಬೇಕಾಗದಂತೆ ತಿರುಗುವ ತಟ್ಟೆ ಹಾಕಿ, ಅಥವಾ ಸುತ್ತಲೂ ನಡೆಯಲು ಜಾಗ ಬಿಡಿ. ಬದಲಾವಣೆ ಕೆಲಸ ಮಾಡಿತೋ ಎಂದು ನೋಡಲು ಮೇಲಿನಿಂದ ಐದು ನಿಮಿಷದ ವಿಡಿಯೋ ತೆಗೆಯಿರಿ. ಎತ್ತುವ ಕ್ಷಣದಲ್ಲಿ ಸೊಂಟಕ್ಕೆ ಕಟ್ಟಿದ ಬೆಲ್ಟಿನ ಬಕಲ್ಲು ಮತ್ತು ಎದೆಯ ಗುಂಡಿ ಒಂದೇ ಕಡೆ ನೋಡುತ್ತಿವೆಯೇ ಎಂಬುದಷ್ಟನ್ನೇ ಎಣಿಸಿ.

ತರಬೇತಿ ಕೊಟ್ಟಿದ್ದೇವೆ ಎನ್ನುವ ಉತ್ತರ ನಮಗೆ ಗೊತ್ತು. ಎತ್ತುವ ವಿಧಾನದ ತರಬೇತಿಯೊಂದರಿಂದಲೇ ಬೆನ್ನುನೋವು ತಪ್ಪುತ್ತದೆ ಎನ್ನಲು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆಗಳಲ್ಲಿ ಆಧಾರ ಸಿಕ್ಕಿಲ್ಲ. ಸೊಂಟಪಟ್ಟಿ ಹಂಚುವುದಕ್ಕೂ ಅದೇ ಮಾತು. ಗಾಯವಾಗದವರಿಗೆ ಅದು ರಕ್ಷಣೆ ಕೊಡುತ್ತದೆಂದು ಸಾಬೀತಾಗಿಲ್ಲ.

ಆಸ್ಪತ್ರೆಗಳ ವಿಷಯ ಬೇರೆ, ಏಕೆಂದರೆ ಅಲ್ಲಿ ಎತ್ತಬೇಕಾದದ್ದು ಅಲುಗುವ ಮನುಷ್ಯರನ್ನು. ರೋಗಿಯನ್ನು ಕೈಯಿಂದ ಎತ್ತುವಲ್ಲಿ, ಎಲ್ಲ ಅನುಕೂಲವಿದ್ದರೂ ಒಬ್ಬರ ಪಾಲಿಗೆ ಸುಮಾರು 16 ಕೆಜಿಗಿಂತ ಹೆಚ್ಚು ಬೀಳಬಾರದು ಎಂಬ ಮಿತಿ 2007ರಿಂದ ಚಾಲ್ತಿಯಲ್ಲಿದೆ. ಹಾಸಿಗೆಯಿಂದ ಗಾಲಿಕುರ್ಚಿಗೆ ದಾಟಿಸುವಾಗ ಕುರ್ಚಿಯನ್ನು ಹಾಸಿಗೆಗೆ 30ರಿಂದ 45 ಡಿಗ್ರಿ ಓರೆಯಲ್ಲಿ, ರೋಗಿಯ ಬಲವಿರುವ ಕಡೆಗೆ ಇಡಿ. ಬ್ರೇಕ್ ಹಾಕಿ, ಕಾಲಿಡುವ ತಟ್ಟೆ ಸರಿಸಿ. ದಾದಿಯರು ಪುಟ್ಟ ಹೆಜ್ಜೆಗಳಲ್ಲಿ ರೋಗಿಯೊಂದಿಗೇ ತಿರುಗಬೇಕು. ಹಾಸಿಗೆಯಿಂದ ಹಾಸಿಗೆಗಾದರೆ ಜಾರುಹಾಳೆ ಬಳಸಿ, ಎರಡರ ಎತ್ತರ ಸಮ ಮಾಡಿ. ನಿಲ್ಲಲಾಗದ ರೋಗಿಗೆ ಎತ್ತುವ ಯಂತ್ರವೇ ಬೇಕು, ಅದು ಬೀಗ ಹಾಕಿದ ಕೋಣೆಯಲ್ಲಿರದೆ ವಾರ್ಡಿನಲ್ಲೇ ಇರಬೇಕು.

ಫೋರ್ಕ್‌ಲಿಫ್ಟ್ ಓಡಿಸುವವರು ಹಿಂದಕ್ಕೆ ಹೋಗುವಾಗ ಮೈ ತಿರುಚಿಯೇ ಕೂರುತ್ತಾರೆ, ಅದೂ ಕಂಪನದ ಮೇಲೆ. ತಿರುಗುವ ಸೀಟು, ಹಿಂಬದಿ ಕ್ಯಾಮೆರಾ, ಸರಕು ಸಾಗುವ ದಾರಿಯನ್ನೇ ಹಿಮ್ಮುಖ ಓಟ ಕಡಿಮೆಯಾಗುವಂತೆ ಮರುಜೋಡಿಸುವುದು, ಇವು ಪರಿಹಾರ.

ವ್ಯಾಯಾಮ ಹೇಳಿಕೊಡುವವರಲ್ಲಿ ಒಂದು ವಿನಂತಿ. ಡಿಸ್ಕಿಗೆ ಚಲನೆ ಬೇಕು. ದನದ ಬಾಲದ ಡಿಸ್ಕ್‌ಗಳನ್ನು ಜೀವಂತವಾಗಿಟ್ಟು ಮಾಡಿದ ಪ್ರಯೋಗಗಳಲ್ಲಿ 2 ಡಿಗ್ರಿಯಷ್ಟು ಸಣ್ಣ ತಿರುಚನ್ನು ಜೀವಕೋಶಗಳು ಸಹಿಸಿಕೊಂಡವು, 5 ಡಿಗ್ರಿಗೆ ತಿರುಳಿನ ಕೋಶಗಳ ಸಾವು ಹೆಚ್ಚಿತು. ಹಾಗಾಗಿ ತಿರುಗುವ ವ್ಯಾಯಾಮ ನಿಲ್ಲಿಸಿ ಎನ್ನುತ್ತಿಲ್ಲ. ತಿರುವು ಎಲ್ಲಿಂದ ಬರುತ್ತಿದೆ ಎಂದು ನೋಡಿ ಎನ್ನುತ್ತೇವೆ. ಸೊಂಟವನ್ನು ಸೀಟಿಗೆ ಕಟ್ಟಿ ಮೈಯ ಮೇಲ್ಭಾಗವನ್ನು ತೂಕದ ವಿರುದ್ಧ ತಿರುಗಿಸುವ ಯಂತ್ರದಲ್ಲಿ ತೊಡೆಸಂದಿಗೆ ಕೆಲಸವೇ ಇಲ್ಲ, ಎಲ್ಲವೂ ಡಿಸ್ಕಿನ ಪಾಲು. ಬೆನ್ನು ಬಾಗಿಸಿ ಕೂತು, ಕೈಯಲ್ಲಿ ತೂಕ ಹಿಡಿದು ಎಡಬಲಕ್ಕೆ ವೇಗವಾಗಿ ತಿರುಗುವುದು ಬಾಗು, ಭಾರ, ತಿರುಚು ಮೂರನ್ನೂ ಒಂದೇ ಕಡೆ ಸೇರಿಸುತ್ತದೆ. ಅದರ ಬದಲು ನಿಂತು, ಪಕ್ಕದಿಂದ ಎಳೆಯುವ ಕೇಬಲ್ಲನ್ನು ಎದೆಯ ಮುಂದೆ ಚಾಚಿ, ಮೈ ತಿರುಗದಂತೆ ತಡೆಹಿಡಿಯುವ ವ್ಯಾಯಾಮ ಕೊಡಿ; ಅದರಿಂದಲೂ ಸ್ನಾಯು ಗಟ್ಟಿಯಾಗುತ್ತದೆ. ಕುಳಿತು ತಿರುಗುವ ಆಸನಗಳಲ್ಲಿ ಬೆನ್ನು ಮೊದಲು ನೆಟ್ಟಗಾಗಲಿ, ಕಟಿಭಾಗ ತುಸು ಜೊತೆಗೇ ತಿರುಗಲಿ, ತಿರುವು ಎದೆಯ ಮಟ್ಟದಿಂದ ಬರಲಿ. ಮೊಣಕೈಯನ್ನು ಮಂಡಿಗೆ ಒತ್ತಿ ಇನ್ನಷ್ಟು ತಿರುಚುವುದನ್ನು, ಅದರಲ್ಲೂ ನಸುಕಿನಲ್ಲಿ, ಬಿಡಿಸಿ. ಕಾಲಿಗೆ ನೋವು ಇಳಿಯುತ್ತಿರುವವರಿಗೆ ‘ಡಿಸ್ಕ್ ಒಳಗೆ ಕೂರಿಸುತ್ತೇನೆ’ ಎಂದು ಸೊಂಟ ತಿರುಚಿ ಲಟಕೆ ತೆಗೆಯಬೇಡಿ. ತಿರುಚಿದರೆ ತಿರುಳು ಒಳಗೆ ಹೋಗುವುದಿಲ್ಲ.

ಹೊರಬಂದ ಡಿಸ್ಕಿನಿಂದ ಬಂದ ಕಾಲುನೋವು ಬಹುಪಾಲು ಮಂದಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ವಾರಗಳಿಂದ ತಿಂಗಳುಗಳಲ್ಲಿ ತಗ್ಗುತ್ತದೆ. ಹೊರಬಂದ ತಿರುಳನ್ನು ದೇಹವೇ ಎಷ್ಟೋ ಸಲ ಕರಗಿಸುತ್ತದೆ. ಆ ಅವಧಿಯಲ್ಲಿ ಪೂರ್ತಿ ಮಲಗಿಸಿಡುವುದಕ್ಕಿಂತ, ನೆಲದಿಂದ ಎತ್ತದ, ತಿರುಚದ ಹಗುರ ಕೆಲಸಕ್ಕೆ ಬೇಗ ಮರಳಲು ಅವಕಾಶ ಕೊಡಿ. ಆದರೆ ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ಮಲದ್ವಾರ ಮತ್ತು ತೊಡೆಯ ಒಳಭಾಗ ಮರಗಟ್ಟಿದರೆ, ಎರಡೂ ಕಾಲುಗಳ ಬಲ ಕುಂದಿದರೆ ಅದು ತುರ್ತು. ಪಾಳಿ ಮುಗಿಯಲಿ ಎಂದು ಕಾಯದೆ ಆ ಗಂಟೆಯಲ್ಲೇ ಆಸ್ಪತ್ರೆಗೆ ಕಳಿಸಿ.

ನಿಯಮ ಬರೆಯುವವರು ಮುಂದಿನ ಪರಿಷ್ಕರಣೆಯಲ್ಲಿ ‘ತಿರುಚಬಾರದು’ ಎಂಬ ಸಾಲನ್ನು ತೆಗೆದು ಇವನ್ನು ಸೇರಿಸಬೇಕೆಂದು ಕೋರುತ್ತೇವೆ. ಪ್ರತಿಯೊಂದು ಎತ್ತುವ ಜಾಗದ ತಿರುಚಿನ ಕೋನ, ಹಿಡಿತದ ಎತ್ತರ, ದೂರ, ನಿಮಿಷಕ್ಕೆ ಎಷ್ಟು ಸಲ ಎಂಬುದನ್ನು ಅಳೆದು ಬರೆದಿಡುವುದು ಮಾಲೀಕರ ಹೊಣೆ. ಹೊಸ ಯಂತ್ರ ಕೂರಿಸಿದಾಗ, ಬೆಲ್ಟಿನ ವೇಗ ಬದಲಿಸಿದಾಗ, ಪೆಟ್ಟಿಗೆಯ ಗಾತ್ರ ಬದಲಾದಾಗ ಮತ್ತೆ ಅಳೆಯಬೇಕು. ಅಳತೆಯ ಕಾಗದ ಆ ಜಾಗದಲ್ಲಿ ಕೆಲಸ ಮಾಡುವವರ ಕೈಗೂ ಸಿಗಬೇಕು. ಬೆನ್ನುನೋವಿನ ದೂರು ಬಂದಾಗ ತನಿಖೆ ಮೊದಲು ನೋಡಬೇಕಾದದ್ದು ಆ ಕಾಗದವನ್ನು.

ಇಂತಿ,
ಬೆನ್ನುಮೂಳೆಯ ಆರೈಕೆ ಮತ್ತು ಕೆಲಸದ ಜಾಗದ ವಿನ್ಯಾಸದಲ್ಲಿ ತೊಡಗಿರುವವರು